ಅಟ್ಟದಲ್ಲಿ ಸಿಕ್ಕ ವಾಲ್ವ್ ರೇಡಿಯೋ: ಪ್ಲಗ್ ಹಾಕುವ ಮುಂಚೆ ಮಾಡಬೇಕಾದ ಕೆಲಸ

ಅಟ್ಟ ಖಾಲಿ ಮಾಡುವಾಗ ಅಜ್ಜನ ಕಾಲದ ವಾಲ್ವ್ ರೇಡಿಯೋ ಸಿಕ್ಕಿದೆ ಅಂದುಕೊಳ್ಳಿ. ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮುಂಚೆ ರೇಡಿಯೋದೊಳಗೆ ಇರುತ್ತಿದ್ದ, ಬಲ್ಬಿನ ಥರದ ಗಾಜಿನ ಕೊಳವೆ. ಮರದ ಪೆಟ್ಟಿಗೆ, ಮುಂದೆ ಗಾಜಿನ ಡಯಲ್, ದಂತದ ಬಣ್ಣದ ಗುಂಡಿಗಳು. ಕೈ ಸುಮ್ನಿರಲ್ಲ, ಒಂದು ಸಲ ಪ್ಲಗ್ಗಿಗೆ ಹಾಕಿ ನೋಡೋಣ ಅನ್ನಿಸುತ್ತದೆ. ದಯವಿಟ್ಟು ಹಾಕಬೇಡಿ. ಈ ಲೇಖನ ಪೂರ್ತಿ ಇರುವುದೇ ಆ ಒಂದು ಕೆಲಸವನ್ನು ಒಂದೆರಡು ವಾರ ಮುಂದೂಡುವುದಕ್ಕೆ.

ನಾನು ಹಾಕಿದ್ದೆ. ಜಗಳೂರು ಕಡೆಯ ನಮ್ಮ ಹಳ್ಳಿ ಮನೆಯಿಂದ ಸೆಟ್ಟನ್ನು ದಾವಣಗೆರೆಗೆ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದಿದ್ದೆ. ಮನೆಗೆ ಬಂದು ಧೂಳು ಒರೆಸಿ ಸ್ವಿಚ್ ಒತ್ತಿದೆ. ವಾಲ್ವುಗಳು ಕೆಂಪಗಾದವು, ಅರ್ಧ ನಿಮಿಷಕ್ಕೆ ಭದ್ರಾವತಿ ಸ್ಟೇಷನ್ ಬಂತು, ಅಮ್ಮ ಅಡಿಗೆಮನೆಯಿಂದ ಓಡಿ ಬಂದಳು. ನಾಲ್ಕೈದು ನಿಮಿಷ ಹಾಡಿತು. ಆಮೇಲೆ ದನಿ ಒಡೆಯಿತು, ಸುಟ್ಟ ಮೇಣದ ವಾಸನೆ ಬಂತು, ನಿಂತುಹೋಯಿತು. ಮಂಡಿಪೇಟೆ ಹತ್ತಿರ ಇದ್ದ ಹಳೇ ಮೆಕ್ಯಾನಿಕ್ ಒಬ್ಬರಿಗೆ ಹೊತ್ತುಕೊಂಡು ಹೋಗಿ ತೋರಿಸಿದೆ. ಅವರು ಮೀಟರ್ ಇಟ್ಟು ನೋಡಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ತಮ್ಮಾ, ಕೆಟ್ಟಿದ್ದು ಒಂದು ಕಂಡೆನ್ಸರ್ ಅಷ್ಟ. ಓಟಿ ಸುಟ್ಟಿದ್ದು ನಿನ್ನ ಅವಸರ."

ಕಂಡೆನ್ಸರ್ ಅಂದರೆ ಕರೆಂಟನ್ನು ಕೂಡಿಟ್ಟುಕೊಳ್ಳುವ ಪಾರ್ಟ್, ಈಗ ಕೆಪಾಸಿಟರ್ ಅನ್ನುತ್ತಾರೆ. ಓಟಿ ಅಂದರೆ ವಾಲ್ವಿನಿಂದ ಸ್ಪೀಕರಿಗೆ ದನಿ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಅದನ್ನು ಮತ್ತೆ ಸುತ್ತಿಸುವುದಕ್ಕೆ ನನಗೆ ಏಳು ತಿಂಗಳು ಹಿಡಿಯಿತು. ಆಮೇಲೆ ಅವರ ಹತ್ತಿರವೇ ಭಾನುವಾರಗಳಲ್ಲಿ ಕೂತು ಕಲಿತೆ. ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಅವರ ಪಾಠ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಾಲ್ವ್ ಸೆಟ್ಟಿನೊಳಗೆ 250 ವೋಲ್ಟ್ ಡಿಸಿ ಇರುತ್ತದೆ, ಆಫ್ ಮಾಡಿದ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ (ದೊಡ್ಡ ಅಲ್ಯೂಮಿನಿಯಂ ಡಬ್ಬಿಯದು) ಉಳಿದಿರುತ್ತದೆ. ಅದು ಪ್ರಾಣ ತೆಗೆಯಬಹುದು. ಸೋಲ್ಡರ್ ಮಾಡಿ ರೂಢಿ ಇಲ್ಲದಿದ್ದರೆ, ಮಲ್ಟಿಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ, ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಬ್ಬರೇ ಮನೆಯಲ್ಲಿದ್ದಾಗ ಈ ಕೆಲಸ ಬೇಡ. ಕರೆಂಟ್ ಇರುವಾಗ ಅಳೆಯಬೇಕಾದರೆ ಎಡಗೈ ಬೆನ್ನ ಹಿಂದೆ ಅಥವಾ ಜೇಬಿನಲ್ಲಿ, ಕಾಲಲ್ಲಿ ರಬ್ಬರ್ ಚಪ್ಪಲಿ. ಪ್ರತಿ ಸಲ ಆಫ್ ಮಾಡಿದ ಮೇಲೆ ಪ್ಲಗ್ ಕಿತ್ತು, 2 ಕಿಲೋಓಮಿನ 10 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಟ್ ಮಾಡಿದ ಕ್ಲಿಪ್ ಕಟ್ಟಿಕೊಂಡು ಫಿಲ್ಟರ್ ಕಂಡೆನ್ಸರನ್ನು ಡಿಸ್ಚಾರ್ಜ್ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಒಳಗೆ ಹೋಗಬೇಕು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವವರನ್ನು ನೋಡಿದ್ದೇನೆ. ಕಿಡಿ ಹಾರುತ್ತದೆ, ಕಂಡೆನ್ಸರೂ ಹಾಳಾಗುತ್ತದೆ, ಹಾಗೆ ಮಾಡಬೇಡಿ.

ಸೆಟ್ಟಿನ ಜಾತಿ ತಿಳಿದುಕೊಳ್ಳಿ

ಹಿಂದಿನ ರಟ್ಟು ಬಿಚ್ಚಿ. ವಾಲ್ವುಗಳ ಗಾಜಿನ ಮೇಲೆ ನಂಬರ್ ಇರುತ್ತದೆ. ಅದನ್ನು ಬೆರಳಿನಿಂದ ಉಜ್ಜಿದರೆ ಅಳಿಸಿಹೋಗುತ್ತದೆ, ಅದಕ್ಕೆ ಮೊದಲು ಮೊಬೈಲಿನಲ್ಲಿ ಫೋಟೋ. ಯಾವ ವಾಲ್ವ್ ಯಾವ ಬೇಸಿನಲ್ಲಿ, ಅಂದರೆ ಯಾವ ಸಾಕೆಟ್ಟಿನಲ್ಲಿ, ಇತ್ತು ಅನ್ನುವುದನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ನಂಬರಿನ ಮೊದಲ ಅಕ್ಷರವೇ ಅರ್ಧ ಕತೆ ಹೇಳುತ್ತದೆ. ಇಸಿಎಚ್81, ಇಬಿಎಫ್89, ಇಎಲ್84, ಇಜೆಡ್80 ಹೀಗೆ 'ಇ' ಇಂದ ಶುರುವಾದರೆ ಅವು 6.3 ವೋಲ್ಟಿನ ಹೀಟರಿನವು (ಹೀಟರ್ ಅಂದರೆ ವಾಲ್ವನ್ನು ಒಳಗಿಂದ ಕಾಯಿಸುವ ತಂತಿ), ಸಾಮಾನ್ಯವಾಗಿ ಸೆಟ್ಟಿನಲ್ಲಿ ದೊಡ್ಡ ಪವರ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ನಮ್ಮ ಕಡೆ ಸಿಗುವ ಮರ್ಫಿ, ಫಿಲಿಪ್ಸ್, ಬುಷ್ ಸೆಟ್ಟುಗಳಲ್ಲಿ ಇಂಥವು ಬೇಕಾದಷ್ಟಿವೆ. ವಾಲ್ವಿನ ಮೇಲೆ ಬಿಇಎಲ್ ಅಂತ ಕಂಡರೆ ಅದು ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆಗಿದ್ದು. ಎಷ್ಟೋ ಸೆಟ್ಟುಗಳಲ್ಲಿ ಅವು ಇನ್ನೂ ಗಟ್ಟಿಯಾಗಿವೆ.

ಯುಸಿಎಚ್81, ಯುಸಿಎಲ್82, ಯುವೈ85 ಹೀಗೆ 'ಯು' ಇಂದ ಶುರುವಾದರೆ ಅದು ಎಸಿ-ಡಿಸಿ ಸೆಟ್. ಟ್ರಾನ್ಸ್‌ಫಾರ್ಮರ್ ಇರಲ್ಲ, ಎಲ್ಲ ಹೀಟರುಗಳೂ 100 ಮಿಲಿ ಆಂಪಿಯರಿನಲ್ಲಿ ಸೀರೀಸ್ ಆಗಿರುತ್ತವೆ, ಮತ್ತು ಗೋಡೆಯ ಕರೆಂಟಿನ ಒಂದು ತಂತಿ ನೇರವಾಗಿ ಚಾಸಿಗೆ, ಅಂದರೆ ಪಾರ್ಟುಗಳೆಲ್ಲ ಕೂತಿರುವ ಲೋಹದ ತಟ್ಟೆಗೆ, ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಚಾಸಿಯೇ ಫೇಸ್. ಗುಂಡಿ ಕಳಚಿದ ಜಾಗದ ಕಬ್ಬಿಣದ ದಂಡೆ ಮುಟ್ಟಿದರೂ ಹೊಡೆಯುತ್ತದೆ. ಇದು ನಿಮ್ಮ ಮೊದಲ ಸೆಟ್ ಆಗಿದ್ದರೆ ಪಕ್ಕಕ್ಕಿಡಿ. ಗೋಡೆಯ ಕರೆಂಟಿನಿಂದ ಸೆಟ್ಟನ್ನು ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಾನು ಇವತ್ತಿಗೂ ಇಂಥದ್ದನ್ನು ಮುಟ್ಟಲ್ಲ. ಇದರ ಚಾಸಿಗೆ ಅರ್ತ್ ವೈರ್ ಯಾವತ್ತೂ ಕೊಡಬಾರದು.

'ಡಿ' ಇಂದ ಶುರುವಾದರೆ, ಡಿಕೆ96, ಡಿಎಫ್96, ಡಿಎಲ್96 ಥರ, ಅದು ಬ್ಯಾಟರಿ ಸೆಟ್. ಕರೆಂಟ್ ಬರುವ ಮುಂಚೆ ಹಳ್ಳಿಗಳಲ್ಲಿ 90 ವೋಲ್ಟಿನ ದೊಡ್ಡ ಬ್ಯಾಟರಿ ಇಟ್ಟು ಕೇಳುತ್ತಿದ್ದದ್ದು ಇದನ್ನೇ. ಇದರ ಫಿಲಮೆಂಟ್ ಬರೀ 1.4 ವೋಲ್ಟಿನದು, ಕೂದಲಿನಷ್ಟು ಸಪೂರ. ಗೊತ್ತಿಲ್ಲದೆ ಜಾಸ್ತಿ ವೋಲ್ಟ್ ಕೊಟ್ಟರೆ ಒಂದೇ ಕ್ಷಣಕ್ಕೆ ಎಲ್ಲ ವಾಲ್ವೂ ಹೋಗುತ್ತವೆ.

'ಇ' ವಾಲ್ವ್ ಇದ್ದ ಮಾತ್ರಕ್ಕೆ ಚಾಸಿ ಸುರಕ್ಷಿತ ಅಂತ ನಂಬಬೇಡಿ. ಕೆಲವು ಸೆಟ್ಟುಗಳಲ್ಲಿ ಗೋಡೆಯ ಕರೆಂಟಿನಿಂದ ಬೇರ್ಪಡಿಸದ ಆಟೋ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಪ್ಲಗ್ ಕೈಯಲ್ಲೇ ಇರಲಿ, ಸೆಟ್ಟಿನ ಸ್ವಿಚ್ ಮಾತ್ರ ಆನ್ ಮಾಡಿ, ಪ್ಲಗ್ಗಿನ ಒಂದೊಂದು ಪಿನ್ನಿನಿಂದಲೂ ಚಾಸಿಗೆ ಓಮ್ ಅಳೆಯಿರಿ. ಏನೂ ತೋರಿಸಬಾರದು. ಕೆಲವೇ ಓಮ್ ತೋರಿಸಿದರೆ ಅದನ್ನೂ 'ಯು' ಸೆಟ್ಟಿನ ಹಾಗೇ ನೋಡಿ. ಇನ್ನು ಮುಂದೆ ನಾನು ಹೇಳುವುದೆಲ್ಲ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನ ಮಾತು.

ಕೊಳೆ

ದಾವಣಗೆರೆ ಸೆಟ್ಟುಗಳ ಕೊಳೆ ಬೇರೆ. ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಯದಾದರೆ ಒಳಗೆ ಕಪ್ಪು ಮಸಿ ಅಂಟಂಟಾಗಿ ಕೂತಿರುತ್ತದೆ. ಅಕ್ಕಿ ಗಿರಣಿ ಕಡೆಯದಾದರೆ ಸಣ್ಣ ತೌಡಿನ ಧೂಳು, ಅದಕ್ಕೆ ಇಲಿ ಬೇರೆ. ಹಳ್ಳಿ ಕಡೆಯಿಂದ ಬಂದದ್ದರಲ್ಲಿ ಹಲ್ಲಿ ಮೊಟ್ಟೆ, ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು ಇರುತ್ತವೆ. ಒಂದು ಇಂಚಿನ ಹೊಸ ಪೇಂಟ್ ಬ್ರಷ್ ತಗೊಂಡು ನಿಧಾನವಾಗಿ ಗುಡಿಸಿ. ಗಾಳಿ ಊದುವ ಮೆಷಿನ್ ಹಿಡಿಯಬೇಡಿ. ಸ್ಪೀಕರಿನ ಕಾಗದ ಹರಿಯುತ್ತದೆ, ಸ್ಟೇಷನ್ ಹುಡುಕುವಾಗ ತಿರುಗುವ ಗ್ಯಾಂಗ್ ಕಂಡೆನ್ಸರಿನ ತಗಡುಗಳ ನಡುವೆ ಕಸ ಹೋಗಿ ಕೂರುತ್ತದೆ. ನೀರು ಎಲ್ಲೂ ಬೇಡ.

ಡಯಲ್ ಗಾಜಿನ ಹಿಂದೆ ಊರಿನ ಹೆಸರು, ಮೀಟರಿನ ಅಂಕಿ ಪ್ರಿಂಟ್ ಆಗಿರುತ್ತದೆ. ಆ ಬದಿಯನ್ನು ಒಣ ಬ್ರಷ್ ಬಿಟ್ಟರೆ ಬೇರೆ ಯಾವುದರಿಂದಲೂ ಮುಟ್ಟಬೇಡಿ. ಒಬ್ಬ ಗೆಳೆಯ ಒದ್ದೆ ಬಟ್ಟೆಯಲ್ಲಿ ಒಂದೇ ಸಲ ಒರೆಸಿ ಇಡೀ ಡಯಲ್ಲನ್ನು ಬರೀ ಗಾಜು ಮಾಡಿಬಿಟ್ಟ. ಅದನ್ನು ವಾಪಸ್ ತರುವ ದಾರಿಯೇ ಇಲ್ಲ.

ಬ್ಯಾಂಡ್ ಸ್ವಿಚ್ ಮತ್ತು ವಾಲ್ಯೂಮಿಗೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಹಾಕಿ ಇಪ್ಪತ್ತು ಸಲ ತಿರುಗಿಸಿ. ಸೀಮೆಎಣ್ಣೆ, ಪೆಟ್ರೋಲ್ ಬೇಡ. ವಾಲ್ವುಗಳನ್ನು ಎತ್ತುವಾಗ ನೇರವಾಗಿ ಎತ್ತಿ, ಅಲ್ಲಾಡಿಸಿದರೆ ಪಿನ್ನಿನ ಬುಡದಲ್ಲಿ ಗಾಜು ಸೀಳುತ್ತದೆ. ಗಾಜಿನೊಳಗೆ ಬೆಳ್ಳಿಯ ಹಾಗೆ ಹೊಳೆಯುವ ಮಚ್ಚೆ ಇದ್ದರೆ ವ್ಯಾಕ್ಯೂಮ್ ಸರಿಯಿದೆ. ಆ ಮಚ್ಚೆ ಹಾಲಿನ ಹಾಗೆ ಬಿಳಿಯಾಗಿದ್ದರೆ ಗಾಳಿ ಒಳಗೆ ಹೋಗಿದೆ, ಆ ವಾಲ್ವ್ ಮುಗಿಯಿತು.

ಕರೆಂಟ್ ಇಲ್ಲದೆ ಅಳೆಯಬೇಕಾದ್ದು

ಈ ಅರ್ಧ ಗಂಟೆ ಬಹಳ ಮುಖ್ಯ. ಪವರ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಕೆಲವು ಹತ್ತು ಓಮ್ ತೋರಿಸಬೇಕು. ಸ್ಪೀಕರ್ 3 ರಿಂದ 5 ಓಮ್. ಇಎಲ್84 (ಔಟ್‌ಪುಟ್ ವಾಲ್ವ್) ಬೇಸಿನ 7ನೇ ಪಿನ್ನಿನಿಂದ 250 ವೋಲ್ಟಿನ ಎಚ್‌ಟಿ ಲೈನಿಗೆ ಅಳೆದರೆ ಓಟಿಯ ಪ್ರೈಮರಿ ಸಿಗುತ್ತದೆ, ಅದು ಕೆಲವು ನೂರು ಓಮ್ ಇರಬೇಕು. ಏನೂ ತೋರಿಸದಿದ್ದರೆ ಓಟಿ ಸುಟ್ಟಿದೆ. ಹೊಸದು ಹುಡುಕುವಾಗ ಒಂದೇ ಇಎಲ್84ಗೆ 5 ಕಿಲೋಓಮಿನ ಪ್ರೈಮರಿ ಬೇಕು ಅಂತ ಹೇಳಿ (ಅದು ಇಂಪಿಡೆನ್ಸಿನ ಲೆಕ್ಕ, ಮೀಟರಿನಲ್ಲಿ ಕಾಣುವ ಓಮ್ ಅಲ್ಲ). ಬೇಸಿನ ಪಿನ್ನುಗಳನ್ನು ಅಡಿಯಿಂದ ನೋಡುವಾಗ ಖಾಲಿ ಜಾಗದಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಣಿಸಬೇಕು, ಇದನ್ನು ಮರೆತರೆ ಎಲ್ಲ ಅಳತೆಯೂ ತಪ್ಪುತ್ತದೆ.

ಒಂದೊಂದು ವಾಲ್ವಿನ ಹೀಟರನ್ನೂ ಅಳೆಯಿರಿ. ಇಸಿಎಚ್81, ಇಬಿಎಫ್89, ಇಎಲ್84, ಇಜೆಡ್80 ಎಲ್ಲದರಲ್ಲೂ 4 ಮತ್ತು 5ನೇ ಪಿನ್ ಹೀಟರ್. ತಣ್ಣಗಿದ್ದಾಗ ಕೆಲವೇ ಓಮ್ ತೋರಿಸಿದರೆ ಸರಿ. ಜನ ಮೊದಲು ವಾಲ್ವನ್ನೇ ಅನುಮಾನಿಸುತ್ತಾರೆ. ನಾನು ಬಿಚ್ಚಿದ ಸೆಟ್ಟುಗಳಲ್ಲಿ ವಾಲ್ವ್ ಕೆಟ್ಟಿದ್ದು ಅಪರೂಪ. ಸುಮ್ನೆ ಹೊಸ ವಾಲ್ವಿಗೆ ದುಡ್ಡು ಹಾಕಬೇಡಿ.

ಹಳೇ ಕಾರ್ಬನ್ ರೆಸಿಸ್ಟರುಗಳು ವಯಸ್ಸಾದ ಹಾಗೆ ಮೇಲಕ್ಕೆ ಹೋಗುತ್ತವೆ, 220 ಕಿಲೋಓಮ್ ಇದ್ದದ್ದು 350 ಆಗಿರುತ್ತದೆ. ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ತಪ್ಪಿದ್ದರೆ ಬದಲಾಯಿಸಿ, ಉಳಿದದ್ದು ಹಾಗೇ ಇರಲಿ.

ಮೇನ್ಸ್ ವೈರನ್ನು ಯೋಚನೆಯೇ ಮಾಡದೆ ಹೊಸದು ಹಾಕಿ. ಹಳೇ ಬಟ್ಟೆ ಸುತ್ತಿದ ವೈರಿನ ಒಳಗಿನ ರಬ್ಬರ್ ಬಗ್ಗಿಸಿದರೆ ಪುಡಿ ಆಗುತ್ತದೆ. ಮೂರು ಪಿನ್ ಪ್ಲಗ್, ಚಾಸಿಗೆ ಅರ್ತ್, ಫೇಸಿನಲ್ಲಿ 500 ಮಿಲಿ ಆಂಪಿಯರಿನ ಸ್ಲೋ ಫ್ಯೂಸ್. ಹಿಂದೆ 200, 220, 240 ಅಂತ ವೋಲ್ಟೇಜ್ ಬದಲಾಯಿಸುವ ಜಾಗ ಇದ್ದರೆ 240ಕ್ಕೆ ಇಡಿ.

ಕಂಡೆನ್ಸರ್

ನನ್ನ ಓಟಿ ಸುಟ್ಟದ್ದು ಇಲ್ಲಿಂದಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಔಟ್‌ಪುಟ್ ವಾಲ್ವಿನ ಗ್ರಿಡ್ ಅಂದರೆ ಭದ್ರಾ ನಾಲೆಯ ತೂಬಿನ ಬಾಗಿಲು ಇದ್ದ ಹಾಗೆ. ವಾಲ್ವಿನೊಳಗೆ ಹರಿಯುವ ಕರೆಂಟನ್ನು ಅದು ತಡೆದು ಹಿಡಿದಿರುತ್ತದೆ. ಹಿಂದಿನ ವಾಲ್ವಿನಲ್ಲಿ ದನಿ ಹೊರಬರುವ ಆನೋಡಿನಿಂದ ಈ ಗ್ರಿಡ್ಡಿಗೆ ದನಿಯನ್ನು ದಾಟಿಸುವುದು ಒಂದು ಸಣ್ಣ ಕಂಡೆನ್ಸರ್, ಸಾಮಾನ್ಯವಾಗಿ 0.01 ಅಥವಾ 0.02 ಮೈಕ್ರೋಫ್ಯಾರಡ್. ಅದರ ಒಂದು ಕಡೆ ನೂರರ ಹತ್ತಿರ ವೋಲ್ಟ್, ಇನ್ನೊಂದು ಕಡೆ ಸೊನ್ನೆ. ಒಳಗಿನ ಕಾಗದ ಎಷ್ಟೋ ಮಳೆಗಾಲದ ತೇವ ಕುಡಿದು ಸೋರತೊಡಗಿದರೆ ವೋಲ್ಟ್ ಈಚೆ ಕಡೆ ಬರುತ್ತದೆ. ಎಷ್ಟು ಸೋರಿದರೆ ತೊಂದರೆ ಅಂತ ಲೆಕ್ಕ ಹಾಕಿ ನೋಡಿ. ಗ್ರಿಡ್ಡಿನಿಂದ ಚಾಸಿಗೆ 1 ಮೆಗಾಓಮ್ ಇದೆ ಅಂದರೆ, 5 ಮೈಕ್ರೋ ಆಂಪಿಯರ್ ಸೋರಿದರೂ 5 ವೋಲ್ಟ್ ಪ್ಲಸ್ ಬಂದುಬಿಡುತ್ತದೆ. ಇಎಲ್84 ಸರಿಯಾಗಿ ನಡೆಯುವುದು ಗ್ರಿಡ್ ತನ್ನ ಕ್ಯಾಥೋಡಿಗಿಂತ (ಹೀಟರ್ ಕಾಯಿಸುವ ಭಾಗ) ಸುಮಾರು 7 ವೋಲ್ಟ್ ಕೆಳಗಿದ್ದಾಗ. ಅಂದರೆ ತೂಬು ಮುಕ್ಕಾಲು ಎದ್ದುಹೋಯಿತು. ವಾಲ್ವ್ ಕಾದು ಕೆಂಪಗಾಗುತ್ತದೆ, ಆ ಕರೆಂಟೆಲ್ಲ ಓಟಿಯ ಸಪೂರ ತಂತಿಯಲ್ಲಿ ಹರಿಯುತ್ತದೆ, ಕೊನೆಗೆ ತಂತಿ ಕತ್ತರಿಸುತ್ತದೆ. ಎಲ್ಲ ಆಗುವುದಕ್ಕೆ ನಾಲ್ಕೈದು ನಿಮಿಷ ಸಾಕು.

ಅದಕ್ಕೆ ಈ ಒಂದು ಕಂಡೆನ್ಸರನ್ನು ಅಳೆದೂ ನೋಡಬೇಡಿ, ತೆಗೆದು ಹೊಸದು ಹಾಕಿ. 630 ವೋಲ್ಟಿನ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲಿನ್ ಸಾಕು, ಹತ್ತಿಪ್ಪತ್ತು ರೂಪಾಯಿಯ ಆಸುಪಾಸಿನ ವಸ್ತು. ಮಲ್ಟಿಮೀಟರಿನ ಓಮಿನಲ್ಲಿ ಅಳೆದರೆ ಅದು ಚೆನ್ನಾಗಿದೆ ಅಂತಲೇ ತೋರಿಸಬಹುದು, ಯಾಕಂದರೆ ಮೀಟರ್ ಕೊಡುವುದು ಒಂದೆರಡು ವೋಲ್ಟ್. ಸೋರುವುದು ನೂರು ವೋಲ್ಟ್ ಬಿದ್ದಾಗ.

ಆಮೇಲೆ ಉಳಿದ ಕಾಗದದ ಕಂಡೆನ್ಸರುಗಳು. ಹೊರಗೆ ಮೇಣ ಮೆತ್ತಿದ್ದು, ಕಂದು ಬಣ್ಣದ ಕೊಳವೆಯಂಥದ್ದು, ತುದಿಯಲ್ಲಿ ಬಿರುಕು ಬಿಟ್ಟದ್ದು ಎಲ್ಲ ಬದಲಾಗಬೇಕು. ಮೈಕಾ, ಸೆರಾಮಿಕ್ ಮುಟ್ಟಬೇಡಿ, ಅವು ನಮಗಿಂತ ಗಟ್ಟಿ. ಮೇನ್ಸಿನ ಅಡ್ಡಕ್ಕೆ ಒಂದು ಕಂಡೆನ್ಸರ್ ಕೂತಿದ್ದರೆ ಕಿತ್ತುಬಿಡಿ, ಬೇಕಾದರೆ ಎಕ್ಸ್2 ಅಂತ ಬರೆದ ಹೊಸದು ಹಾಕಿ. ಅಲ್ಲಿ ಬೇರೆ ಮಾಮೂಲಿ ಕಂಡೆನ್ಸರ್ ಹಾಕಿದರೆ ಬೆಂಕಿ ಹತ್ತಬಹುದು. ಒಂದು ತೆಗೆದು ಒಂದು ಹಾಕಿ. ಹತ್ತು ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿತ್ತು ಅಂತ ಫೋಟೋ ನೋಡಿದರೂ ತಿಳಿಯಲ್ಲ.

ಕೊನೆಗೆ ದೊಡ್ಡ ಅಲ್ಯೂಮಿನಿಯಂ ಡಬ್ಬಿಯ ಫಿಲ್ಟರ್ ಕಂಡೆನ್ಸರ್, 32+32 ಅಥವಾ 50+50 ಮೈಕ್ರೋಫ್ಯಾರಡ್ ಅಂತ ಬರೆದಿರುತ್ತದೆ. ಇದನ್ನು ನಿಧಾನವಾಗಿ ವೋಲ್ಟ್ ಏರಿಸಿ ಬದುಕಿಸುವವರಿದ್ದಾರೆ. ನಾನೂ ಕೆಲವು ಸಲ ಮಾಡಿದ್ದೇನೆ, ಆದರೆ ದಿನಾ ಹಾಡಬೇಕಾದ ಸೆಟ್ಟಿಗೆ ಹೊಸದು ಹಾಕುವುದೇ ನೆಮ್ಮದಿ. ಡಬ್ಬಿಯನ್ನು ಚಾಸಿಯ ಮೇಲೆ ಚಂದಕ್ಕೆ ಹಾಗೇ ಬಿಡಿ, ಅದರ ವೈರುಗಳನ್ನು ಬಿಡಿಸಿ, ಅಡಿಯಲ್ಲಿ 450 ವೋಲ್ಟಿನ ಹೊಸ ಕಂಡೆನ್ಸರ್ ಕೂರಿಸಿ. ಹಳೆಯದನ್ನು ಬಿಡಿಸದೆ ಅದರ ಜೊತೆಗೇ ಹೊಸದನ್ನು ಕೂಡಿಸಬೇಡಿ. ಜಾಸ್ತಿ ಹಾಕಿದರೆ ಗುಂಯ್ ಸದ್ದು ಕಡಿಮೆ ಆಗುತ್ತದೆ ಅಂತ 100, 220 ಹಾಕುವುದೂ ತಪ್ಪು. ಎಸಿಯನ್ನು ಡಿಸಿ ಮಾಡುವ ಇಜೆಡ್80 ರೆಕ್ಟಿಫೈಯರ್ ತಡೆಯುವುದು 50ರ ವರೆಗೆ, 47 ಹಾಕಿ ಸುಮ್ಮನಾಗಿ. ಪ್ಲಸ್ ಮೈನಸ್ ಎರಡು ಸಲ ನೋಡಿ.

ದಾವಣಗೆರೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇದರಲ್ಲಿ ಸುಮಾರು ಸಿಗುತ್ತವೆ. 450 ವೋಲ್ಟಿನದು ಸಿಗದಿದ್ದರೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಒಂದು ಹಿಡಿ ತಂದಿಟ್ಟುಕೊಳ್ಳಿ.

ಈಗ ಕರೆಂಟ್, ಆದರೆ ಬಲ್ಬಿನ ಮೂಲಕ

ಎಲೆಕ್ಟ್ರಿಶಿಯನ್‌ಗಳು ಇಟ್ಟುಕೊಳ್ಳುವ ಸೀರೀಸ್ ಬೋರ್ಡ್ ಗೊತ್ತಲ್ವಾ? ಒಂದು ಹೋಲ್ಡರ್, ಒಂದು ಸಾಕೆಟ್, ಫೇಸ್ ಬಲ್ಬಿನ ಮೂಲಕ ಸಾಕೆಟ್ಟಿಗೆ. ಅದಕ್ಕೆ 60 ವ್ಯಾಟಿನ ಹಳೇ ಥರದ ಫಿಲಮೆಂಟ್ ಬಲ್ಬ್ ಹಾಕಿ, ಎಲ್ಇಡಿ ಆಗಲ್ಲ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸೆಟ್ ಉಳಿಯುತ್ತದೆ.

ಸ್ಪೀಕರ್ ಕೂಡಿಸಿದೆಯಾ ನೋಡಿಕೊಳ್ಳಿ, ಸ್ಪೀಕರ್ ಇಲ್ಲದೆ ಓಡಿಸಿದರೂ ಓಟಿ ಹೋಗುತ್ತದೆ. ಮೊದಲು ಎಲ್ಲ ವಾಲ್ವ್ ತೆಗೆದು ಬರೀ ಟ್ರಾನ್ಸ್‌ಫಾರ್ಮರಿಗೆ ಕರೆಂಟ್ ಕೊಡಿ. ಡಯಲ್ ದೀಪ ಮಂಕಾಗಿ ಹತ್ತಬಹುದು, ಬೋರ್ಡಿನ ಬಲ್ಬ್ ಹೆಚ್ಚುಕಮ್ಮಿ ಆರಿಯೇ ಇರಬೇಕು. ಹತ್ತು ನಿಮಿಷ ಬಿಡಿ, ಆಫ್ ಮಾಡಿ, ಪ್ಲಗ್ ಕಿತ್ತು ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿ. ಬಿಸಿ ಆಗಿದ್ದರೆ ಒಳಗೆ ಸುತ್ತು ಶಾರ್ಟ್ ಆಗಿದೆ, ಮುಂದೆ ಹೋಗಬೇಡಿ.

ಸರಿಯಿದ್ದರೆ ರೆಕ್ಟಿಫೈಯರ್ ಒಂದನ್ನು ಬಿಟ್ಟು ಉಳಿದ ವಾಲ್ವ್ ಹಾಕಿ. ಹೀಟರುಗಳು ಮಂಕಾಗಿ ಕೆಂಪಾಗಬೇಕು. ರೂಮಿನ ದೀಪ ಆರಿಸಿ ನೋಡಿ, ಆ ನಸುಗೆಂಪು ನೋಡುವುದಕ್ಕೇ ನಾನು ಈ ಕೆಲಸ ಮಾಡುತ್ತೇನೆ ಅನ್ನಿಸುತ್ತದೆ ಎಷ್ಟೋ ಸಲ.

ಮೂರನೇ ಸಲ ರೆಕ್ಟಿಫೈಯರ್ ಹಾಕಿ. ಕ್ಲಿಪ್ಪಿನ ವೈರ್ ಬಳಸಿ ಮೀಟರನ್ನು ಮೊದಲೇ ಇಎಲ್84ರ 2ನೇ ಪಿನ್ನಿಗೆ (ಅದೇ ಗ್ರಿಡ್) ಮತ್ತು ಚಾಸಿಗೆ ಕಟ್ಟಿಟ್ಟು ಆಮೇಲೆ ಆನ್ ಮಾಡಿ. ಅದು ಸೊನ್ನೆಯಲ್ಲೇ ನಿಲ್ಲಬೇಕು. ಅರ್ಧ ವೋಲ್ಟಿಗಿಂತ ಮೇಲೆ ಪ್ಲಸ್ ಕಡೆ ತೆವಳತೊಡಗಿದರೆ ತಕ್ಷಣ ಆಫ್. ಹೊಸ ಕಂಡೆನ್ಸರ್ ಹಾಕಿಯೂ ಹೀಗಾದರೆ ಆ ಇಎಲ್84ರಲ್ಲೇ ಗ್ಯಾಸ್ ಇದೆ, ಬೇರೆ ವಾಲ್ವ್ ಹಾಕಿ ನೋಡಬೇಕು.

ಗ್ರಿಡ್ ಸೊನ್ನೆ ನಿಂತರೆ ಬಲ್ಬನ್ನು 100 ವ್ಯಾಟಿನದಕ್ಕೆ ಬದಲಾಯಿಸಿ, ಆಮೇಲೆ ನೇರ ಕರೆಂಟ್. ಈಗ ಎಚ್‌ಟಿ 230ರಿಂದ 260 ವೋಲ್ಟಿನ ಆಸುಪಾಸು, ಇಎಲ್84ರ ಕ್ಯಾಥೋಡ್ ಅಂದರೆ 3ನೇ ಪಿನ್ 7 ವೋಲ್ಟಿನ ಆಸುಪಾಸು ಇರಬೇಕು. ಅಲ್ಲಿ 12, 14 ಕಂಡರೆ ಎಲ್ಲೋ ಕರೆಂಟ್ ಜಾಸ್ತಿ ಹರಿಯುತ್ತಿದೆ.

ಸ್ಟೇಷನ್ ಬರಲಿಲ್ಲ ಅಂದರೆ

ಮೊದಲು ರೇಡಿಯೋವನ್ನು ಬಯ್ಯಬೇಡಿ, ಗಾಳಿಯಲ್ಲಿ ಏನಿದೆ ನೋಡಿ. ಈ ಸೆಟ್ಟುಗಳು ಹಿಡಿಯುವುದು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್. ಚಿತ್ರದುರ್ಗ ಆಕಾಶವಾಣಿ ಎಫ್‌ಎಂ, ಅದು ಇದರಲ್ಲಿ ಬರುವುದೇ ಇಲ್ಲ. ನಮ್ಮ ಕಡೆ ಹುಡುಕಬೇಕಾದ್ದು ಭದ್ರಾವತಿ 675 ಕಿಲೋಹರ್ಟ್ಸ್, ಬೆಂಗಳೂರು 612, ಧಾರವಾಡ 765. ಹಳೇ ಡಯಲ್ಲುಗಳಲ್ಲಿ ಮೀಟರಿನ ಲೆಕ್ಕ ಇರುತ್ತದೆ, ಅದರಲ್ಲಿ ಭದ್ರಾವತಿ 444, ಬೆಂಗಳೂರು 490, ಧಾರವಾಡ 392. ಒಂದು ಸಣ್ಣ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಆ ಹೊತ್ತಿಗೆ ಯಾವುದು ಬರುತ್ತಿದೆ ನೋಡಿಕೊಂಡು ಆಮೇಲೆ ವಾಲ್ವ್ ಸೆಟ್ಟಿನಲ್ಲಿ ಹುಡುಕಿ. ಮನೆಯ ಎಲ್ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಯುಪಿಎಸ್ ಎಲ್ಲ ಆರಿಸಿ, ಅವುಗಳ ಗಲಾಟೆಯಲ್ಲಿ ಸ್ಟೇಷನ್ ಮುಳುಗಿಹೋಗುತ್ತದೆ.

ಏರಿಯಲ್ ಬೇಕೇ ಬೇಕು. ಮುಂಚೆ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ತಾಮ್ರದ ಜಾಲರಿ ಪಟ್ಟಿ ಕಟ್ಟುತ್ತಿದ್ದರಲ್ಲ, ಅದು ಅದಕ್ಕೇ. ಈಗ ತಾರಸಿ ಮೇಲೆ ಮೂವತ್ತು ಅಡಿ ವೈರ್ ಎಳೆದರೆ ಸಾಕು. ಕರೆಂಟ್ ಲೈನಿನಿಂದ ದೂರ ಇರಲಿ, ಗುಡುಗು ಮಿಂಚು ಶುರುವಾದರೆ ಕಿತ್ತುಬಿಡಿ.

ಇಷ್ಟಾದರೂ ಬರಲಿಲ್ಲವಾ? ಇನ್ಸುಲೇಟ್ ಮಾಡಿದ ಸ್ಕ್ರೂಡ್ರೈವರಿನ ತುದಿಯಿಂದ ವಾಲ್ಯೂಮಿನ ನಡುವಿನ ಕಾಲು ಮುಟ್ಟಿ, ವಾಲ್ಯೂಮ್ ಅರ್ಧ ಇರಲಿ. ಗುರ್ ಅಂದರೆ ಅಲ್ಲಿಂದ ಸ್ಪೀಕರಿನವರೆಗೆ ಎಲ್ಲ ಸರಿ, ತೊಂದರೆ ಅದಕ್ಕೂ ಮೊದಲಿನ, ಏರಿಯಲ್ ಕಡೆಯ ಭಾಗದ್ದು. ಅಲ್ಲಿ ಮೊದಲ ಅನುಮಾನ ಸೆಟ್ಟಿನೊಳಗೇ ಒಂದು ಸಿಗ್ನಲ್ ಹುಟ್ಟಿಸುವ ಆಸಿಲೇಟರ್, ಅಂದರೆ ಇಸಿಎಚ್81. ಅದನ್ನು ಪರೀಕ್ಷೆ ಮಾಡುವುದಕ್ಕೆ ಒಂದು ಚಂದದ ಉಪಾಯ ಇದೆ. ವಾಲ್ವ್ ಸೆಟ್ ಯಾವ ಸ್ಟೇಷನ್ನಿಗೆ ಇದೆಯೋ ಅದಕ್ಕಿಂತ ಸುಮಾರು 455 ಕಿಲೋಹರ್ಟ್ಸ್ ಮೇಲೆ ಅದರ ಆಸಿಲೇಟರ್ ನಡೆಯುತ್ತಿರುತ್ತದೆ. ಭದ್ರಾವತಿ ಜಾಗಕ್ಕೆ ಇಟ್ಟರೆ 675ಕ್ಕೆ 455 ಕೂಡಿಸಿ, 1130. ಪಕ್ಕದಲ್ಲಿ ಸಣ್ಣ ಟ್ರಾನ್ಸಿಸ್ಟರ್ ರೇಡಿಯೋ ಇಟ್ಟು 1130ರ ಹತ್ತಿರ ತಿರುಗಿಸಿಕೊಂಡು, ಇಲ್ಲಿ ವಾಲ್ವ್ ಸೆಟ್ಟಿನ ಗುಂಡಿ ಆಚೀಚೆ ಮಾಡಿ. ಟ್ರಾನ್ಸಿಸ್ಟರಿನಲ್ಲಿ ಸೀಟಿ ಬಂದು ಹೋದರೆ, ಅಥವಾ ಕರಕರ ಸದ್ದು ಥಟ್ಟನೆ ನಿಂತು ಮೌನವಾದರೆ, ಆಸಿಲೇಟರ್ ಬದುಕಿದೆ. ಏನೂ ಆಗದಿದ್ದರೆ ಇಸಿಎಚ್81 ಬದಲಾಯಿಸಿ ನೋಡಿ, ಬ್ಯಾಂಡ್ ಸ್ವಿಚ್ ಇನ್ನೊಮ್ಮೆ ಕ್ಲೀನ್ ಮಾಡಿ.

ಸದ್ದು ಸಣ್ಣದಾಗಿದೆ ಅಂತ ಐಎಫ್ ಡಬ್ಬಿಗಳ (ಆ 455 ಕಿಲೋಹರ್ಟ್ಸಿಗೆ ಕೂರಿಸಿದ ಕಾಯಿಲುಗಳು) ತಲೆಯಲ್ಲಿರುವ ಕೋರನ್ನು ಮಾತ್ರ ತಿರುಗಿಸಬೇಡಿ. ಅರವತ್ತು ವರ್ಷ ಅಲುಗಾಡದ ಕೋರ್ ಒಳಗೇ ಮುರಿಯುತ್ತದೆ. ಅದಕ್ಕೆ ಸಿಗ್ನಲ್ ಜನರೇಟರ್ ಬೇಕು, ತಾಳ್ಮೆ ಬೇಕು. ಬೇರೆ ಎಲ್ಲ ಸರಿಯಾದ ಮೇಲೆ ನೋಡಿದರಾಯಿತು, ನೂರರಲ್ಲಿ ತೊಂಬತ್ತು ಸಲ ಅದರ ಅಗತ್ಯವೇ ಬೀಳಲ್ಲ.

ಡಯಲ್ ದಾರ, ಸ್ಪೀಕರ್, ಪೆಟ್ಟಿಗೆ

ಡಯಲ್ ಮುಳ್ಳು ಎಳೆಯುವ ದಾರ ಕಡಿದಿದ್ದರೆ ಹೆಣೆದ ನೈಲಾನ್ ದಾರ ಹಾಕಿ. ಹೊಲಿಯುವ ನೂಲು ಒಂದು ವಾರಕ್ಕೆ ಜಗ್ಗುತ್ತದೆ. ಗ್ಯಾಂಗ್ ಪೂರ್ತಿ ಮುಚ್ಚಿಟ್ಟು ದಾರ ಸುತ್ತುವುದಕ್ಕೆ ಶುರು ಮಾಡಿ, ಶಾಫ್ಟಿಗೆ ಎರಡು ಮೂರು ಸುತ್ತು, ಕೊನೆಯಲ್ಲಿ ಸ್ಪ್ರಿಂಗ್. ಮೊದಲ ಸಲ ಎರಡು ಗಂಟೆ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಸ್ಪೀಕರಿನ ಕಾಗದ ಹರಿದಿದ್ದರೆ ಟಿಶ್ಯೂ ಪೇಪರಿನ ಸಣ್ಣ ಚೂರು, ನೀರು ಬೆರೆಸಿದ ಫೆವಿಕಾಲ್, ತೆಳ್ಳಗೆ ಹಚ್ಚಿ ಒಣಗಿಸಿ. ದಪ್ಪ ಆದರೆ ದನಿ ಮಂಕಾಗುತ್ತದೆ. ಮರದ ಪೆಟ್ಟಿಗೆಯ ಮೇಲ್ಪದರ ಎದ್ದಿದ್ದರೆ ಅದರಡಿ ಫೆವಿಕಾಲ್ ಸವರಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ತೂಕ, ಒಂದು ರಾತ್ರಿ. ಕುಟ್ಟೆ ಹುಳದ ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ಹುಳಕ್ಕೆ ಔಷಧಿ ಹೊಡೆಯದೆ ಪಾಲಿಶ್ ಮಾಡಬೇಡಿ. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಬಟ್ಟೆಯಲ್ಲಿ ತಿಕ್ಕುವ ಹಳೇ ಪಾಲಿಶ್ ಗೊತ್ತಿರುವ ಬಡಗಿ ಸಿಕ್ಕರೆ ಅವರಿಂದಲೇ ಮಾಡಿಸಿ. ಈಗಿನ ಹೊಳಪು ಪೇಂಟ್ ಹೊಡೆಸಿದರೆ ಅಜ್ಜನ ರೇಡಿಯೋ ಹೊಸ ಟೀಪಾಯಿ ಥರ ಕಾಣುತ್ತದೆ.

ಕೆಲವರು ಒಳಗಿನದ್ದೆಲ್ಲ ಕಿತ್ತು ಬಿಸಾಕಿ ಬ್ಲೂಟೂತ್ ಬೋರ್ಡ್ ಕೂರಿಸುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ಮೊಬೈಲಿನ ಹಾಡು ಕೇಳಬೇಕಾದರೆ ಅದಕ್ಕೆ ಸೆಟ್ಟಿನಲ್ಲೇ ದಾರಿ ಇದೆ. ಹಿಂದೆ ಗ್ರಾಮಫೋನ್ ಕೂಡಿಸುವ ಎರಡು ತೂತಿನ ಸಾಕೆಟ್ ಇರುತ್ತದಲ್ಲ, ಅದಕ್ಕೆ ಮೊಬೈಲಿನ ಎಡ ಬಲ ಎರಡು ವೈರನ್ನೂ ಒಂದೊಂದು ಕಿಲೋಓಮ್ ರೆಸಿಸ್ಟರ್ ಮೂಲಕ ಕೂಡಿಸಿ ಕೊಡಿ. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿಗೆ ಮಾತ್ರ ಇದು, ಮತ್ತು ಮೊಬೈಲ್ ಚಾರ್ಜಿಗೆ ಹಾಕಿರಬಾರದು. ಗೋಡೆಯ ಕರೆಂಟ್ ನೇರ ಚಾಸಿಗೆ ಬರುವ 'ಯು' ಥರದ ಸೆಟ್ಟಿಗೆ ಹೀಗೆ ಕೂಡಿಸಿದರೆ ಮೊಬೈಲ್ ಹಿಡಿದವರ ಕೈಗೇ ಕರೆಂಟ್ ಬರುತ್ತದೆ.

ಹಿಂದಿನ ರಟ್ಟನ್ನು ಮರೆಯದೆ ಮುಚ್ಚಿ, ಮನೆಯಲ್ಲಿ ಮಕ್ಕಳಿದ್ದರೆ ಸ್ಕ್ರೂ ಬಿಗಿಯಾಗಿರಲಿ. ಮೊದಲ ವಾರ ದಿನಕ್ಕೆ ಒಂದು ಗಂಟೆ ಓಡಿಸಿ, ಪಕ್ಕದಲ್ಲೇ ಕೂತಿರಿ. ಆಮೇಲೆ ವಾರಕ್ಕೆ ಒಂದೆರಡು ಸಲವಾದರೂ ಹಾಕುತ್ತಿರಿ, ಮತ್ತೆ ವರ್ಷಗಟ್ಟಲೆ ಮಲಗಿಸಬೇಡಿ.

ಇನ್ನೊಂದು ಕೆಲಸ ಉಳಿದಿದೆ. ಬದಲಾಯಿಸಿದ ಒಂದೊಂದು ಪಾರ್ಟಿನ ಹೆಸರು, ಬೆಲೆ ಅಲ್ಲ ಅಳತೆ, ಜಾಗ, ತಾರೀಖು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿ. ತೆಗೆದ ಹಳೇ ಕಂಡೆನ್ಸರುಗಳನ್ನು ಸಣ್ಣ ಪೊಟ್ಟಣದಲ್ಲಿ ಕಟ್ಟಿ, ಪೋಸ್ಟ್ ಆಫೀಸಿನ ರೇಡಿಯೋ ಲೈಸೆನ್ಸ್ ಪುಸ್ತಕ ಮನೆಯಲ್ಲಿ ಸಿಕ್ಕಿದ್ದರೆ ಅದರ ಜೊತೆ ಇಡಿ. ನಮ್ಮ ಸೆಟ್ಟಿನೊಳಗೆ ಅಂಥ ಚೀಟಿ ಈಗ ಎರಡಿವೆ. ಒಂದು ನನ್ನದು. ಇನ್ನೊಂದು ಓಟಿ ಸುತ್ತಿಸಿಕೊಟ್ಟ ದಿನ ಮೆಕ್ಯಾನಿಕ್ ತಮ್ಮ ಕೈಯಾರೆ ಪೆನ್ಸಿಲ್ಲಿನಲ್ಲಿ ಬರೆದು ಅಂಟಿಸಿದ್ದು, ಅದರಲ್ಲಿ ತಂತಿಯ ಗೇಜ್, ಎಷ್ಟು ಸುತ್ತು ಅನ್ನುವುದೆಲ್ಲ ಇದೆ.